ಸಾಲಿನ ಕೊನೆಯ ಗಂಟೆ

ಮಾಲೂರು
೨೦ ಅಕ್ಟೋಬರ್ ೨೦೦೨, ಭಾನುವಾರ

ಪೂಜ್ಯ ಮೇಷ್ಟ್ರಿಗೆ,
ಸರಳಾ ಮಾಡುವ ನಮಸ್ಕಾರಗಳು.

ಇವತ್ತು ಕೇಂದ್ರಕ್ಕೆ ರಜೆ. ಐದು ಕಂಪ್ಯೂಟರ್‌ಗಳಲ್ಲಿ ನಾಲ್ಕು ನೆಟ್ಟಗಿವೆ, ಒಂದು ಕೆಟ್ಟಿದೆ. ಅದು ಕೆಡಲು ಕಾರಣ ನಾನು. ನಾನು ಹಾಗೆ ಮಾಡಲು ಕಾರಣ ನೀವು. ಅದಕ್ಕೇ ಈ ಪತ್ರ.

೧೯೯೭ರ ಜೂನ್‌ನಲ್ಲಿ ನಿಮ್ಮ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಇಳಿದ ಮೇಲೆ ನಾನು ನಿಮಗೆ ಬರೆದಿಲ್ಲ. ನೀವೂ ಬರೆದಿಲ್ಲ. ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ.

ನಡೆದದ್ದು ಇಷ್ಟು. ಕಳೆದ ಸೋಮವಾರ ಆಯುಧಪೂಜೆ. ನಿಮ್ಮಲ್ಲಿ ಕಲಿತು, ಆಮೇಲೆ ಅಲ್ಲೇ ಕೆಲಸಕ್ಕಿದ್ದ ನಾಲ್ಕು ವರ್ಷವೂ ಆ ದಿನ ಹನ್ನೊಂದು ಯಂತ್ರಗಳನ್ನು ಒರೆಸಿ, ಕುಂಕುಮ ಇಟ್ಟು, ಅಚ್ಚುಗಳ ಗುಂಡಿಯೊಳಗೆ ಒಂದೊಂದು ಚಿಟಿಕೆ ಅಕ್ಷತೆ ಹಾಕುತ್ತಿದ್ದವಳು ನಾನೇ. ಮಾರನೇ ದಿನ ನೀವು ಯಂತ್ರಗಳನ್ನು ಮಗುಚಿ, ಬ್ರಷ್‌ನಿಂದ ಅಕ್ಕಿ ಉದುರಿಸುತ್ತಿದ್ದಿರಿ. ಈ ಸಲ ನನ್ನ ಕೈ ಅದೇ ಕೆಲಸ ಮಾಡಿತು. ಕಂಪ್ಯೂಟರ್‌ನ ಮುಂಭಾಗದಲ್ಲಿ ಫ್ಲಾಪಿ ಹಾಕಲು ಒಂದು ಸೀಳು ಇರುತ್ತದೆ. ಅಕ್ಷತೆ ಅದರೊಳಗೆ ಹೋಯಿತು. ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಕ್ಕಯಮ್ಮ ಅಂತ ಒಬ್ಬಳು ನನ್ನ ಪಕ್ಕದಲ್ಲೇ ನಿಂತಿದ್ದಳು. "ನಂದೂ ಒಂದು ಪಾಲಿರಲಿ ಟೀಚರಮ್ಮಾ" ಅಂತ ಇನ್ನೊಂದು ಚಿಟಿಕೆ ತುರುಕಿದಳು.

ಬುಧವಾರ ಸ್ವಿಚ್ ಹಾಕಿದರೆ ಒಳಗೆ ಯಾರೋ ಹುರಿಗಡಲೆ ಅಗಿದ ಹಾಗೆ ಸದ್ದಾಯಿತು. ಆಮೇಲೆ ಸುಟ್ಟ ವಾಸನೆ. ಬೆಂಗಳೂರಿನಿಂದ ಬಂದ ರಿಪೇರಿಯವರು ಪೆಟ್ಟಿಗೆ ಬಿಚ್ಚಿ, ಅಂಗೈ ಮೇಲೆ ಇಪ್ಪತ್ಮೂರು ಅಕ್ಕಿಕಾಳು ಇಟ್ಟುಕೊಂಡು, "ಮೇಡಂ, ಇದಕ್ಕೆ ಸಾರು ಯಾವಾಗ ಬಡಿಸ್ತೀರಿ?" ಅಂದರು. ಆಮೇಲೆ, "ಇದನ್ನೆಲ್ಲ ನಿಮಗೆ ಯಾರು ಕಲಿಸಿದ್ದು?" ಅಂತ ಕೇಳಿದರು. ನಾನು ಹೆಸರು ಹೇಳಲಿಲ್ಲ.

ನಮ್ಮ ಕೇಂದ್ರದ ವಿಷಯ ನಿಮಗೆ ಗೊತ್ತಿರಲಾರದು. ಹೆಂಚಿನ ಫ್ಯಾಕ್ಟರಿಗಳ ಹಿಂದಿನ ಕಾಲೊನಿಯಲ್ಲಿ ಮುಚ್ಚಿಹೋಗಿದ್ದ ಒಂದು ರೇಷನ್ ಅಂಗಡಿ. ಬೆಂಗಳೂರಿನ ಒಂದು ಟ್ರಸ್ಟ್ ಹಳೆಯ ಕಂಪ್ಯೂಟರ್‌ಗಳನ್ನು ಕೊಟ್ಟಿದೆ. ಕಲಿಯುವವರು ಏನೂ ಕೊಡಬೇಕಿಲ್ಲ. ಮಧ್ಯಾಹ್ನ ಮಕ್ಕಳು, ಬೆಳಗ್ಗೆ ಮತ್ತು ಸಂಜೆ ದೊಡ್ಡವರು. ಮಕ್ಕಳಿಗೆ ನಾನು ಹೇಳಿಕೊಡುವುದಕ್ಕಿಂತ ಅವರು ನನಗೆ ಹೇಳಿಕೊಡುವುದೇ ಹೆಚ್ಚು. ತೊಂದರೆ ಇರುವುದು ದೊಡ್ಡವರದ್ದು. ಓದು ಬರಹ ಬರುತ್ತದೆ, ಆದರೆ ಕೀಲಿ ಹುಡುಕುವುದು ಮೊರದಲ್ಲಿ ಕಲ್ಲು ಆರಿಸಿದ ಹಾಗೆ. ಅರ್ಧ ಸಾಲಿಗೆ ಕಾಲು ಗಂಟೆ.

ಟ್ರಸ್ಟಿನ ನಂದಕಿಶೋರ್ ಅನ್ನುವವರು ಅಕ್ಕಿಕಾಳಿನ ಸುದ್ದಿ ಕೇಳಿ ಬಂದಿದ್ದರು. ಫೆಬ್ರವರಿ ಕೊನೆಯೊಳಗೆ ಇಪ್ಪತ್ತು ಜನ ದೊಡ್ಡವರು, ಯಾರ ಸಹಾಯವೂ ಇಲ್ಲದೆ, ಒಂದು ಪುಟದ ಅರ್ಜಿಯನ್ನು ಅರ್ಧ ಗಂಟೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಬೇಕಂತೆ. ಇಲ್ಲದಿದ್ದರೆ ಕಂಪ್ಯೂಟರ್‌ಗಳನ್ನು ಬೇರೆ ಊರಿಗೆ ಸಾಗಿಸುತ್ತಾರಂತೆ.

ನನ್ನ ಪ್ರಶ್ನೆ ಒಂದೇ. ನಲವತ್ತೆಂಟು ವಯಸ್ಸಿನ ಭಾರತಮ್ಮನವರನ್ನು ನೀವು ಹನ್ನೊಂದು ತಿಂಗಳಲ್ಲಿ ಕನ್ನಡ ಸೀನಿಯರ್ ಟೈಪಿಂಗ್ ಪಾಸು ಮಾಡಿಸಿದ್ದು ಹೇಗೆ? ಆಗ ನಾನು ಪಕ್ಕದಲ್ಲೇ ಇದ್ದೆ. ಸರಿಯಾಗಿ ನೋಡಲಿಲ್ಲ.

ಅಂಬಾಬಾಯಿ ಅಮ್ಮನವರಿಗೆ ನಮಸ್ಕಾರಗಳು.

ಇತಿ ನಿಮ್ಮ ವಿದ್ಯಾರ್ಥಿನಿ,
ಸರಳಾ


ಮುಳಬಾಗಿಲು
೨ ನವೆಂಬರ್ ೨೦೦೨

ಚಿ. ಸರಳಾಗೆ,
ಆಶೀರ್ವಾದಗಳು.

ಪತ್ರ ತಲುಪಿತು. ಅಕ್ಷತೆಯ ವಿಷಯದಲ್ಲಿ ನಿನ್ನ ಆರೋಪವನ್ನು ನಾನು ಒಪ್ಪುವುದಿಲ್ಲ. ಮಗುಚಿ ಉದುರಿಸಬಹುದಾದ ಯಂತ್ರಕ್ಕೆ ಮಾತ್ರ ಅಕ್ಷತೆ ಹಾಕಬಹುದು. ಇದನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೆ ತೋಚಿರಲಿಲ್ಲ.

ಭಾರತಮ್ಮನವರ ವಿಷಯ. ಮೊದಲ ವಾರ ಆಕೆಯೂ ಕೀಲಿಗಳನ್ನೇ ನೋಡುತ್ತಿದ್ದರು. ಆಕೆ ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುತ್ತಿದ್ದವರು. ಹೂ ಕಟ್ಟುವಾಗ ಕಣ್ಣು ಎಲ್ಲಿರುತ್ತದೆ ಎಂದು ಕೇಳಿದೆ. "ರಸ್ತೆ ಮೇಲಿರ್ತದೆ ಸ್ವಾಮಿ, ಗಿರಾಕಿ ಹೋಗಿಬಿಡ್ತಾರಲ್ಲ" ಎಂದರು. ಹಾಗಾದರೆ ಇಲ್ಲಿಯೂ ಕೈಯನ್ನು ನೋಡಬೇಡಿ ಎಂದೆ. ಕಲಿಸಿದ್ದು ಅಷ್ಟೇ. ಉಳಿದದ್ದು ಆಕೆಯ ಅಭ್ಯಾಸ.

ಆದ್ದರಿಂದ ಮೊದಲು ನಿನ್ನವರು ಕಣ್ಣಿಲ್ಲದೆ ಕೈಯಿಂದ ಏನೇನು ಮಾಡುತ್ತಾರೆಂದು ತಿಳಿದುಕೋ. ಕೀಲಿಗಳ ಎರಡು ಬದಿಗೆ ಒಂದೊಂದು ಇಟ್ಟಿಗೆ ಇಟ್ಟು, ಮೇಲೆ ರಟ್ಟು ಮುಚ್ಚು. ಕೈ ರಟ್ಟಿನ ಅಡಿಯಲ್ಲಿರಲಿ, ಕಣ್ಣು ಎದುರಿನ ಕಾಗದದ ಮೇಲಿರಲಿ. ಹದಿನೈದು ದಿನ ನಡುಸಾಲಿನ ಕೀಲಿಗಳು ಮಾತ್ರ. ಪದ ಬೇಡ, ವಾಕ್ಯ ಬೇಡ. ಯಾರಾದರೂ ತಮ್ಮ ಹೆಸರು ಹೊಡೆದು ನೋಡುತ್ತೇನೆ ಎಂದರೆ ಬಿಡಬೇಡ. ಹೆಸರಿನ ಆಸೆಗೆ ಬೆರಳು ಹಾಳಾಗುತ್ತದೆ. ಸ್ಕೇಲಿನಿಂದ ಮೇಜಿಗೆ ತಾಳ ಹಾಕು. ತಾಳಕ್ಕೆ ಹಿಂದೆ ಬೀಳುವವರನ್ನು ಬೈಯಬೇಡ, ತಾಳವನ್ನೇ ನಿಧಾನ ಮಾಡು.

ನಿನ್ನ ಕಂಪ್ಯೂಟರ್‌ನಲ್ಲಿ ಕನ್ನಡ ಕೀಲಿಗಳ ಜೋಡಣೆ ಹೇಗಿದೆಯೋ ನಾನರಿಯೆ. ನಮ್ಮ ಟೈಪ್‌ರೈಟರ್‌ನಂತೆಯೇ ಇದ್ದರೆ ಈ ಕ್ರಮ ನಡೆಯುತ್ತದೆ. ಇಲ್ಲದಿದ್ದರೆ ನಾನು ಹೇಳಬಹುದಾದದ್ದು ಏನೂ ಇಲ್ಲ.

ಎಂ. ಪ್ರಹ್ಲಾದ ರಾವ್
ಪ್ರಾಂಶುಪಾಲರು

(ಕೆಳಗೆ ಪೆನ್ಸಿಲ್‌ನಲ್ಲಿ:)
ಸರಳಾ, ನಾನು ಕಣೇ, ಅಂಬಾಬಾಯಿ. ಇವರು ಲಕೋಟೆ ತರಲು ಒಳಗೆ ಹೋಗಿದ್ದಾರೆ, ಬೇಗ ಬರೀತೀನಿ. ನಿನ್ನ ಕಾಗದ ಬಂದ ದಿನ ಗುಜರಿ ಆಂಜಿನಪ್ಪ ತಕ್ಕಡಿ ಹೊತ್ತುಕೊಂಡು ಬಾಗಿಲಿಗೆ ಬಂದಿದ್ದ. ಹನ್ನೊಂದು ಮಿಷಿನ್ನೂ ಕೊಡೋದು ಅಂತ ಮಾತಾಗಿತ್ತು. ಇಲ್ಲೀಗ ಕಲಿಯೋಕೆ ಬರೋದು ಇಬ್ಬರು ಹುಡುಗೀರು, ಅದರಲ್ಲಿ ಒಬ್ಬಳ ಮದುವೆ ಗೊತ್ತಾಯ್ತು. ಇವರು ನಿನ್ನ ಕಾಗದ ಓದಿ, ಆಂಜಿನಪ್ಪನಿಗೆ "ನಾಳೆ ಬಾ" ಅಂದರು. ಆಮೇಲೆ ದಿನಾ ನಾಳೆ ಬಾ ಅಂತಲೇ ಹೇಳ್ತಿದ್ದಾರೆ.


ಮಾಲೂರು
೨೪ ನವೆಂಬರ್ ೨೦೦೨

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಟೈಪ್‌ರೈಟರ್‌ನ ಜೋಡಣೆ ನಮ್ಮ ಕಂಪ್ಯೂಟರ್‌ನಲ್ಲಿ ಇದೆ. ಬೇರೆ ಎರಡು ಜೋಡಣೆಗಳೂ ಇವೆ. ಇಡೀ ಕೇಂದ್ರಕ್ಕೆ ಟೈಪ್‌ರೈಟರ್‌ನದ್ದನ್ನೇ ಇಟ್ಟಿದ್ದೇನೆ.

ನೀವು ಹೇಳಿದ ಹಾಗೆ, ಕಣ್ಣಿಲ್ಲದೆ ಕೈಯಿಂದ ಏನು ಮಾಡುತ್ತೀರಿ ಅಂತ ಎಲ್ಲರನ್ನೂ ಕೇಳಿದೆ. ಅಕ್ಕಯಮ್ಮ, "ಹೆಂಚು ಜೋಡಿಸ್ತೀನಿ. ಕಣ್ಣು ಸೂಪರ್‌ವೈಸರ್ ಮೇಲಿರ್ತದೆ, ಕೈ ಪಾಡಿಗೆ ಕೈ ಜೋಡಿಸ್ತಿರ್ತದೆ" ಅಂದಳು. ಅದೇ ಫ್ಯಾಕ್ಟರಿಯ ವಾಚ್‌ಮನ್ ಸೀನಪ್ಪ ಹಿಂದಿನ ಬೆಂಚಿನಿಂದ, "ಅದಕ್ಕೇ ಕಣಮ್ಮಿ ದಿನಾ ನಾಲ್ಕು ಹೆಂಚು ಒಡೆಯೋದು" ಅಂದ. "ನೀನು ಕಣ್ಣಿಲ್ದೆ ಏನು ಮಾಡ್ತೀಯಪ್ಪ?" ಅಂತ ಅವಳು ತಿರುಗಿಬಿದ್ದಳು. "ಗೇಟ್ ಕಾಯ್ತೀನಿ" ಅಂದ. ಆವತ್ತು ಕ್ಲಾಸು ಅಲ್ಲಿಗೇ ಮುಗಿಯಿತು.

ರಟ್ಟು ಮುಚ್ಚಿದ ಮೇಲೆ ಎರಡು ದಿನ ಎಲ್ಲರೂ ನನ್ನನ್ನು ಶಪಿಸಿದರು. ಆಮೇಲೆ ಬೆರಳು ತಿಳಿಯತೊಡಗಿತು. ಆದರೆ ಬೇರೆ ಒಂದು ಕಷ್ಟವಿದೆ. ದೊಡ್ಡವರಿಗೆ ಬಿಡುವು ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ನಮ್ಮ ಕಾಲೊನಿಗೆ ಕರೆಂಟ್ ಹೋಗುವುದು ಬೆಳಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು. ಅವರು ಕೆಲಸಕ್ಕೆ ಹೋದ ಮೇಲೆ ಕರೆಂಟ್ ಬರುತ್ತದೆ, ಅವರು ಮನೆಗೆ ಬಂದ ಮೇಲೆ ಹೋಗುತ್ತದೆ. ಯುಪಿಎಸ್ ಹತ್ತು ನಿಮಿಷ ತಾಳುತ್ತದೆ.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೀಲಿ ಬರೆದು ಕೊಟ್ಟಿದ್ದೇನೆ. ಮೇಣದಬತ್ತಿ ಹಚ್ಚಿಕೊಂಡು ಹಲಗೆ ಕುಟ್ಟುತ್ತಾರೆ. ಅಕ್ಕಯಮ್ಮ ಮಾಸ್ತಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನವನ ಭುಜದ ಮೇಲೆ ನಡುಸಾಲು ಅಭ್ಯಾಸ ಮಾಡಿ ಬೈಸಿಕೊಂಡು ಬಂದಳು. ಆದರೆ ಹಲಗೆ ಒತ್ತಿದರೆ ಒತ್ತಿದ್ದು ಸರಿಯೋ ತಪ್ಪೋ ಹೇಳುವವರಿಲ್ಲ. ಅಕ್ಷರ ಮೂಡುವುದಿಲ್ಲ.

ಕರೆಂಟ್ ಇಲ್ಲದೆಯೂ ಅಕ್ಷರ ಮೂಡಿಸುವ ಯಂತ್ರ ಇನ್ನೂ ಇದೆ ಅಂತ ನನಗೆ ಗೊತ್ತು. ಎಲ್ಲಿದೆ ಅಂತಲೂ ಗೊತ್ತು. ನಾನು ಕೇಳುತ್ತಿಲ್ಲ ಮೇಷ್ಟ್ರೇ. ಇದೆ ಅಂತ ಬರೆದೆ, ಅಷ್ಟೇ.

ನಿಮ್ಮ ವಿದ್ಯಾರ್ಥಿನಿ,
ಸರಳಾ


ಮುಳಬಾಗಿಲು
೮ ಡಿಸೆಂಬರ್ ೨೦೦೨

ಚಿ. ಸರಳಾಗೆ,
ಆಶೀರ್ವಾದಗಳು.

ಮಾಲೂರಿನಿಂದ ಇಲ್ಲಿಗೆ ಹೆಂಚು ತರುವ ಲಾರಿಯ ಮುನಿಶಾಮಿ ಎಂಬುವವರ ಪರಿಚಯವಾಯಿತು. ಹೆಂಚು ಇಳಿಸಿದ ಮೇಲೆ ಅವರ ಲಾರಿ ಖಾಲಿ ಹಿಂದಿರುಗುತ್ತದೆ. ನಾಳೆ ಅದರಲ್ಲಿ ಏಳನೇ ನಂಬರಿನ ಯಂತ್ರ ಬರುತ್ತದೆ. ಇದು ಎರವಲು. ಫೆಬ್ರವರಿ ಕೊನೆಗೆ ಹಿಂತಿರುಗಿಸಬೇಕು.

ಸೂಚನೆಗಳು ನಿನಗೆ ಗೊತ್ತಿದ್ದರೂ ಬರೆಯುತ್ತೇನೆ. ಕೆಲಸವಿಲ್ಲದಾಗ ಬಟ್ಟೆ ಮುಚ್ಚಿರಬೇಕು. ಹೆಂಚಿನ ಊರಿನ ಧೂಳು ಕೆಟ್ಟದ್ದು. ಸಾಲಿನ ಕೊನೆಗೆ ಗಂಟೆ ಹೊಡೆದ ಮೇಲೆಯೇ ಕಾಗದ ಸುತ್ತಿದ ಕ್ಯಾರೇಜನ್ನು ಎಡಗೈಯಿಂದ ಬಲಕ್ಕೆ ತಳ್ಳಿ ಹೊಸ ಸಾಲಿಗೆ ಬರಬೇಕು, ಮೊದಲೇ ತಳ್ಳಬಾರದು. ಅರ್ಧ ಮನಸ್ಸಿನಿಂದ ತಳ್ಳಬಾರದು. ಕೀಲಿಯನ್ನು ಮುಟ್ಟಿದರೆ ಸಾಲದು, ಹೊಡೆಯಬೇಕು. ಮಕ್ಕಳು ರಿಬ್ಬನ್ ಎಳೆಯದಂತೆ ನೋಡಿಕೋ. ಯಾವ ಹಬ್ಬಕ್ಕೂ ಅದರೊಳಗೆ ಏನನ್ನೂ ಹಾಕಕೂಡದು.

ಎಂ. ಪ್ರಹ್ಲಾದ ರಾವ್
ಪ್ರಾಂಶುಪಾಲರು

(ಪೆನ್ಸಿಲ್‌ನಲ್ಲಿ:)
ಎರಡು ದಿನದಿಂದ ಹಜಾರದಲ್ಲಿ ಎಣ್ಣೆ ವಾಸನೆ ಕಣೇ. ಹೊಸ ರಿಬ್ಬನ್ ಹಾಕಿ, ತಮ್ಮ ಒಗೆದ ಪಂಚೆಯಲ್ಲೇ ಸುತ್ತಿದ್ದಾರೆ. ಏಳನೇ ನಂಬರೇ ಯಾಕೆ ಅಂತ ಕೇಳಿದೆ. ನೀನು ಕಲಿತದ್ದು ಅದರಲ್ಲೇ ತಾನೆ? "ಅದರ ಭಾರ ಕಮ್ಮಿ" ಅಂದರು. ಎಲ್ಲ ಮಿಷಿನ್ನೂ ಒಂದೇ ಭಾರ. ಇನ್ನೊಂದು ಮಾತು. ನೀನು ಬಿಟ್ಟುಹೋದ ಆ ಅನುಭವದ ಸರ್ಟಿಫಿಕೇಟು ಇವತ್ತಿಗೂ ಅವರ ಮೇಜಿನ ಖಾನೆಯಲ್ಲೇ ಇದೆ. ಖಾನೆ ಒರೆಸ್ತಾರೆ, ಅದನ್ನ ಮತ್ತೆ ಅಲ್ಲೇ ಇಡ್ತಾರೆ. ಆಂಜಿನಪ್ಪ ನಿನ್ನೆ ತಕ್ಕಡಿ ಬಿಟ್ಟು ಬರಿಗೈಲಿ ಬಂದಿದ್ದ. ಕಾಫಿ ಕೊಟ್ಟೆ.


ಮಾಲೂರು
೧೨ ಜನವರಿ ೨೦೦೩

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಯಂತ್ರ ಬಂದ ದಿನ ಕಾಲೊನಿಯವರೆಲ್ಲ ನೋಡಲು ಬಂದರು. ಪಂಚೆ ಬಿಚ್ಚಿದಾಗ ಸೀನಪ್ಪ, "ಇದು ನಮ್ಮ ಕಂಪ್ಯೂಟರ್‌ಗೆ ಅಜ್ಜಿ ಇರಬೇಕು" ಅಂದ. ಅವನೇ ಈಗ ಅದಕ್ಕೆ ಕಾವಲು. ಮುಚ್ಚುವ ಬಟ್ಟೆಯನ್ನು ಅವನ ಹೆಂಡತಿ ಹೊಲಿದುಕೊಟ್ಟಿದ್ದಾಳೆ, ಅಂಚಿಗೆ ಜರಿ ಸಹ ಇದೆ.

ಕರೆಂಟ್ ಹೋದ ಕೂಡಲೇ ಸರದಿ. ಒಬ್ಬೊಬ್ಬರಿಗೆ ಆರು ನಿಮಿಷ. ಮೊದಲ ದಿನ ಗಂಟೆ ಹೊಡೆದಾಗ ಅಕ್ಕಯಮ್ಮ ಬೆಚ್ಚಿ ಕೈ ಹಿಂದೆಗೆದಳು. "ಏನು ತಪ್ಪಾಯ್ತು ಟೀಚರಮ್ಮಾ?" ಅಂದಳು. ತಪ್ಪಲ್ಲ, ಸಾಲು ಮುಗಿಯಿತು ಅಂತ ಹೇಳುತ್ತಿದೆ ಅಂದೆ. ಅವಳು ಕ್ಯಾರೇಜ್ ತಳ್ಳುತ್ತಾ, "ಫ್ಯಾಕ್ಟರೀಲಿ ಇಷ್ಟು ವರ್ಷ ದುಡಿದೆ, ಇಷ್ಟು ಮುಗೀತು ಅಂತ ಯಾರೂ ಹೇಳಿದ್ದಿಲ್ಲ" ಅಂದಳು. ಆಮೇಲೆ ಗಂಟೆಗೋಸ್ಕರವೇ ಹೊಡೆಯುತ್ತಾಳೆ. ಮುಸ್ಸಂಜೆಯ ಕತ್ತಲಲ್ಲಿ ಗಂಟೆ ಕೇಳಿಸಿದರೆ ಬೀದಿಯಲ್ಲಿ ಕೂತವರು ಎಣಿಸುತ್ತಾರೆ. "ಅಕ್ಕಯಮ್ಮಂದು ಇವತ್ತು ಒಂಬತ್ತು" ಅಂತ.

ನಾನೂ ಎಲ್ಲರೂ ಹೋದ ಮೇಲೆ ಒಂದು ಪುಟ ಹೊಡೆದೆ. ಎಡಗಡೆ ಮೂರನೇ ಕೀಲಿ ಈಗಲೂ ಸ್ವಲ್ಪ ಬಿಗಿ.

ಪರೀಕ್ಷೆ ಫೆಬ್ರವರಿ ಇಪ್ಪತ್ತೆರಡಕ್ಕೆ ಗೊತ್ತಾಗಿದೆ, ಶನಿವಾರ, ಬೆಳಗ್ಗೆ ಹತ್ತು ಗಂಟೆ. ನೀವು ಬರಬೇಕು. ಕೋಲಾರದಲ್ಲಿ ಬಸ್ ಬದಲಾಯಿಸಿದರೆ ಎರಡೂವರೆ ಗಂಟೆಯ ದಾರಿ. ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಸರಳಾ


ಮುಳಬಾಗಿಲು
೩೦ ಜನವರಿ ೨೦೦೩

ಚಿ. ಸರಳಾಗೆ,
ಆಶೀರ್ವಾದಗಳು.

ಆ ಕೀಲಿ ನೀನು ಬರುವ ಮೊದಲಿನಿಂದಲೂ ಬಿಗಿ. ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು.

ಇಪ್ಪತ್ತೆರಡಕ್ಕೆ ಬರಲಾಗುವುದಿಲ್ಲ. ಮಂಡಿ ನೋವು. ಅಲ್ಲದೆ ಕಂಪ್ಯೂಟರ್‌ಗಳ ನಡುವೆ ನನಗೆ ಕೆಲಸವಿಲ್ಲ. ನಿನ್ನವರಿಗೆ ಹೇಳು, ಪರೀಕ್ಷೆಯ ದಿನ ಅವಸರ ಬೇಡ. ಕೈ ತನ್ನ ಅಭ್ಯಾಸ ಬಿಡುವುದಿಲ್ಲ.

ಎಂ. ಪ್ರಹ್ಲಾದ ರಾವ್
ಪ್ರಾಂಶುಪಾಲರು

(ಪೆನ್ಸಿಲ್‌ನಲ್ಲಿ:)
ನಿನ್ನೆ ಊರಾಚೆಯ ನರಸಿಂಹತೀರ್ಥಕ್ಕೆ ನಡೆದೇ ಹೋಗಿ ನಡೆದೇ ಬಂದರು. ಮಂಡಿ ನಂದು ಕಣೇ ನೋಯೋದು, ಅವರದ್ದಲ್ಲ.


ಮಾಲೂರು
೨೩ ಫೆಬ್ರವರಿ ೨೦೦೩, ಭಾನುವಾರ

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಪರೀಕ್ಷೆ ನಿನ್ನೆ ಮುಗಿಯಿತು. ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಕರೆಂಟ್ ಇತ್ತು. ಬೆಳಗಿನಿಂದ ಒಂದು ಸಲವೂ ಹೋಗಲಿಲ್ಲ. ನಾಲ್ಕು ಕಂಪ್ಯೂಟರ್, ನಾಲ್ಕು ನಾಲ್ಕು ಜನರ ಐದು ತಂಡ. ನಂದಕಿಶೋರ್ ಗಡಿಯಾರ ಹಿಡಿದು ನಿಂತರು. ಅವರಿಗೆ ಅಂತ ಒಂದು ಲೋಟ ಮಜ್ಜಿಗೆ ತಂದು ಒಂದನೇ ಕಂಪ್ಯೂಟರ್‌ನ ಪಕ್ಕ ಇಟ್ಟೆ. ತಪ್ಪು ನನ್ನದು.

ಅಕ್ಕಯಮ್ಮ ತನ್ನ ಬೀದಿಯ ಬೋರ್‌ವೆಲ್ ರಿಪೇರಿಗೆ ಪುರಸಭೆಗೆ ಅರ್ಜಿ ಬರೆಯಬೇಕಿತ್ತು. ಕೂತಳು, ಉಸಿರೆಳೆದುಕೊಂಡಳು, ನೀವು ಹೇಳಿದ ಹಾಗೆ ಹೊಡೆದಳು. ಟೈಪ್‌ರೈಟರ್‌ನಲ್ಲಿ ಹೊಡೆದು ಬೆರಳನ್ನು ಅಲ್ಲೇ ಊರಿದರೂ ಒಂದೇ ಅಕ್ಷರ ಮೂಡುತ್ತದೆ. ಕಂಪ್ಯೂಟರ್‌ನಲ್ಲಿ ಊರಿದಷ್ಟು ಹೊತ್ತೂ ಮೂಡುತ್ತಲೇ ಇರುತ್ತದೆ. 'ಮಾನ್ಯರೇ' ಬರೆಯಲು ಹೋಗಿ ಅರ್ಧ ಸಾಲು 'ಮ' ತುಂಬಿತು. ಅದನ್ನು ಅಳಿಸಿ ಮತ್ತೆ ಶುರುಮಾಡಿದಳು. ಸಾಲಿನ ಕೊನೆ ಬಂತು. ಕೈ ನಿಲ್ಲಿಸಿ ಕಾದಳು. ಅವಳ ಪಕ್ಕದ ಮೂವರೂ ಕಾಯುತ್ತಿದ್ದರು. ನಾಲ್ಕು ಜನ, ಎಂಟು ಕೈ ಗಾಳಿಯಲ್ಲಿ. ಗಾಬರಿಯಾದರೆ ಅಕ್ಕಯಮ್ಮನಿಗೆ ತೆಲುಗೇ ಬರುವುದು. "ಗಂಟ ಕೊಟ್ಟಲೇದು ಕದಾ!" ಅಂದಳು. ಗಂಟೆ ಹೊಡೆಯಲಿಲ್ಲವಲ್ಲ ಅಂತ.

ಮೇಷ್ಟ್ರೇ, ನಾಲ್ಕು ತಿಂಗಳು ಕಲಿಸಿದೆ. ಕರೆಂಟ್ ಇದ್ದ ಅಷ್ಟೋ ಇಷ್ಟೋ ಹೊತ್ತಿನಲ್ಲಿ ಅವರು ಎಂದೂ ಸಾಲಿನ ಕೊನೆ ತಲುಪಿರಲಿಲ್ಲ. ಕಂಪ್ಯೂಟರ್‌ಗೆ ಗಂಟೆ ಇಲ್ಲ, ಸಾಲು ತಾನೇ ಕೆಳಗೆ ಇಳಿಯುತ್ತದೆ ಅಂತ ಹೇಳಬೇಕು ಅಂತ ನನಗೆ ತೋಚಿರಲೇ ಇಲ್ಲ.

ಆಗ ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಸೀನಪ್ಪನಿಗೆ ವಿಷಯ ಹೊಳೆಯಿತು. ಬಾಯಲ್ಲೇ "ಟಿಣ್" ಅಂದ.

ನಾಲ್ಕು ಎಡಗೈಗಳು ಒಟ್ಟಿಗೆ ಮೇಲೆದ್ದು ಬಲಕ್ಕೆ ಬೀಸಿದವು. ಅರ್ಧ ಮನಸ್ಸಿನಿಂದ ತಳ್ಳಬಾರದು ಅಂತ ನೀವೇ ಬರೆದಿದ್ದಿರಿ. ನಾಲ್ಕು ಪರದೆಗಳು ಗೋಣು ತಿರುಗಿಸಿ ಗೋಡೆ ನೋಡಿದವು. ಮಜ್ಜಿಗೆ ಲೋಟ ಹಾರಿ ನಂದಕಿಶೋರರ ಫೈಲಿನ ಮೇಲೆ ಬಿತ್ತು.

ನಾನು ಮುಗಿಯಿತು ಅಂದುಕೊಂಡೆ. ನಂದಕಿಶೋರ್ ಕರ್ಚೀಫಿನಿಂದ ಫೈಲು ಒರೆಸುತ್ತಾ, "ನಡೆಯಲಿ, ನಡೆಯಲಿ" ಅಂದರು. ಅಕ್ಕಯಮ್ಮ ಪರದೆಯನ್ನು ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, "ಕ್ಷಮಿಸು ತಾಯಿ" ಅಂತ ಅದಕ್ಕೇ ಹೇಳಿ ಮುಂದುವರಿಸಿದಳು. ಸಾಲು ಸಾಲಿಗೂ ಸೀನಪ್ಪ ಟಿಣ್ ಅನ್ನುವುದನ್ನು ಬಿಡಲಿಲ್ಲ. ನಂದಕಿಶೋರ್ ಪ್ರತಿ ಟಿಣ್‌ಗೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅರ್ಧ ಗಂಟೆಯಲ್ಲಿ ಪೂರ್ತಿ ಮುಗಿಸಿದವರು ಹದಿನಾಲ್ಕು ಜನ. ಅಕ್ಕಯಮ್ಮ ಮುಗಿಸಿದಳು. ಸೀನಪ್ಪ ತನ್ನ ಸರದಿ ಬಂದಾಗ ಟಿಣ್ ಅನ್ನುತ್ತಾ ಹೊಡೆಯಲಾಗದೆ ಸೋತ. ಬೇಕಿದ್ದದ್ದು ಇಪ್ಪತ್ತು.

ಕೊನೆಗೆ ನಂದಕಿಶೋರ್ ಅಂದರು: "ಇಪ್ಪತ್ತು ಆಗಲಿಲ್ಲ. ಆದರೆ ಒಬ್ಬರೂ ಕೀಲಿ ನೋಡಲಿಲ್ಲ. ನಮ್ಮ ಆಫೀಸಿನಲ್ಲಿ ಹಾಗೆ ಹೊಡೆಯೋರು ಇಬ್ಬರೇ. ಇವರಿಗೆ ಯಾರು ಕಲಿಸಿದ್ದು?" ಈ ಸಲ ನಾನು ಹೆಸರು ಹೇಳಿದೆ.

ಅವರು ಮೇ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಒಂದು ಷರತ್ತು: ಟೈಪಿಂಗ್ ಕಲಿಸಲು ಖಾಯಂ ಬೋಧಕರು ಇರಬೇಕು. ಕಾಗದದಲ್ಲಿ ದೂರದಿಂದ ಕಲಿಸುವವರು ಸಾಲದು. ಮಾರ್ಚ್ ಹತ್ತರೊಳಗೆ ರಿಜಿಸ್ಟರಿನಲ್ಲಿ ಹೆಸರು ಇರಬೇಕು. ಹೇಳದೆ ಕೇಳದೆ ಬಂದು ನೋಡುತ್ತಾರಂತೆ. ಹೆಸರಿಲ್ಲದಿದ್ದರೆ ಆವತ್ತೇ ಕಂಪ್ಯೂಟರ್‌ಗಳನ್ನು ಲಾರಿಗೆ ಹೇರುತ್ತಾರೆ.

ಇದರ ಜೊತೆ ಒಂದು ನೇಮಕದ ಪತ್ರ ಇಟ್ಟಿದ್ದೇನೆ. ಏಳನೇ ನಂಬರಿನಲ್ಲಿ ನಾನೇ ಹೊಡೆದದ್ದು. ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿದೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳಿಸಿ, ಮತ್ತೆ ಹೊಡೆಯುತ್ತೇನೆ.

ಎತ್ತುವುದಿಲ್ಲ ಅಂದ ವಿಷಯವನ್ನು ಈಗ ಎತ್ತುತ್ತೇನೆ. ಕೋಲಾರದಲ್ಲಿ ಆರು ತಿಂಗಳು ಸಂಜೆ ಹೊತ್ತು ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದೆ. ಅದನ್ನು ನಾನೇ ನಿಮಗೆ ಹೇಳಬೇಕಿತ್ತು. ಬೇರೆಯವರ ಬಾಯಿಂದ ನಿಮಗೆ ತಿಳಿಯಿತು. ಮಾರನೇ ಬೆಳಗ್ಗೆ ನನ್ನ ಮೇಜಿನ ಮೇಲೆ ನೀವು ಹೊಡೆದಿಟ್ಟ ಅನುಭವದ ಸರ್ಟಿಫಿಕೇಟ್ ಇತ್ತು. ಹೋಗು ಅನ್ನುವುದನ್ನು ನೀವು ಹಾಗೆ ಹೇಳಿದಿರಿ. ಅದನ್ನು ಅಲ್ಲೇ ಬಿಟ್ಟು ಹೋದದ್ದು ನನ್ನ ಉತ್ತರ. ಇಬ್ಬರೂ ಬಾಯಿ ತೆರೆಯಲಿಲ್ಲ. ಹೇಳದಿದ್ದದ್ದು ತಪ್ಪು ಮೇಷ್ಟ್ರೇ. ಕಲಿತದ್ದು ತಪ್ಪಲ್ಲ.

ನಿಮ್ಮ ವಿದ್ಯಾರ್ಥಿನಿ,
ಸರಳಾ


ಮುಳಬಾಗಿಲು
೫ ಮಾರ್ಚ್ ೨೦೦೩, ಬುಧವಾರ

ಚಿ. ಸರಳಾಗೆ,
ಆಶೀರ್ವಾದಗಳು.

ಮಜ್ಜಿಗೆಯ ಭಾಗವನ್ನು ಅಂಬಾಬಾಯಿ ಮೂರು ಸಲ ಓದಿಸಿದಳು. ಮೂರನೇ ಸಲ ನನಗೂ ನಗು ತಡೆಯಲಾಗಲಿಲ್ಲ. ಗಂಟೆಯ ವಿಷಯದಲ್ಲಿ ತಪ್ಪು ನಿನ್ನೊಬ್ಬಳದೇ ಅಲ್ಲ. ಗಂಟೆಯಿಲ್ಲದ ಯಂತ್ರವೂ ಇರಬಹುದೆಂದು ನನಗೂ ತೋಚಲಿಲ್ಲ. ಅಕ್ಷತೆಯ ವಿಷಯದಲ್ಲಿಯೂ ಅರ್ಧ ತಪ್ಪನ್ನು ಈಗ ಒಪ್ಪುತ್ತೇನೆ.

ನೇಮಕದ ಪತ್ರವನ್ನು ಪರೀಕ್ಷಿಸಿದೆ. ತಪ್ಪಿಲ್ಲ. ಕೆಂಪು ಶಾಯಿ ತೆಗೆದದ್ದು ವ್ಯರ್ಥವಾಯಿತು.

ಆ ಸರ್ಟಿಫಿಕೇಟಿನ ವಿಷಯ. ಅದನ್ನು ಹೊಡೆಯುವಾಗ ನನಗೆ ಕೋಪವಿತ್ತು. ನಿನ್ನ ಮೇಜಿನ ಮೇಲಿಟ್ಟಾಗ, ನೀನು ಅದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದು ಕೇಳುತ್ತೀಯೆಂದು ಎಣಿಸಿದ್ದೆ. ಕೇಳಿದರೆ ಹರಿದುಹಾಕುವುದೆಂದು ಕೂತಿದ್ದೆ. ಮಧ್ಯಾಹ್ನದವರೆಗೂ ಕೂತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನೀನು ಬಂದ ಮೇಲೆ ಹರಿಯಬೇಕೆಂದಿದ್ದನ್ನು ಈಗ ನಾನೇ ತರುತ್ತೇನೆ, ನೀನೇ ಹರಿ.

ಆದ್ದರಿಂದ ನಿರ್ಧಾರ ಹೀಗೆ. ಸೋಮವಾರ, ಹತ್ತನೇ ತಾರೀಖು, ಮುನಿಶಾಮಿಯವರ ಖಾಲಿ ಲಾರಿಯಲ್ಲಿ ಉಳಿದ ಐದು ಕನ್ನಡ ಯಂತ್ರಗಳೂ ನಾವಿಬ್ಬರೂ ಹೊರಡುತ್ತೇವೆ. ಮೇ ಕೊನೆಯವರೆಗೆ ವಾರಕ್ಕೆ ಐದು ದಿನ ಮಾಲೂರು, ಶನಿವಾರ ಭಾನುವಾರ ಇಲ್ಲಿ. ಒಂದು ಕೋಣೆ ನೋಡಿಡು, ಮೆಟ್ಟಿಲು ಬೇಡ. ಇಲ್ಲಿ ಉಳಿದ ಒಬ್ಬ ಹುಡುಗಿ ಆ ಎರಡು ದಿನ, ಇಲ್ಲೇ ಬಿಡುವ ಐದು ಇಂಗ್ಲಿಷ್ ಯಂತ್ರಗಳಲ್ಲಿ ಒಂದರಲ್ಲಿ ಕಲಿಯುತ್ತಾಳೆ. ಅವಳನ್ನು ಕೇಳಿದ್ದೇನೆ, ಒಪ್ಪಿದ್ದಾಳೆ. ಕಂಪ್ಯೂಟರ್‌ನಲ್ಲಿ ಬೆರಳು ಊರದಂತೆ ಹೊಡೆಯುವುದನ್ನು ಮೊದಲು ನಾನು ಕಲಿಯಬೇಕು. ಅದನ್ನು ನೀನು ಹೇಳಿಕೊಡು. ನನಗೂ ರಟ್ಟು ಮುಚ್ಚು.

ಆಂಜಿನಪ್ಪ ಬೆಳಗ್ಗೆ ಬಂದಿದ್ದ. ನಾಳೆ ಬಾ ಎನ್ನಲಿಲ್ಲ. ಇನ್ನು ಬರುವುದು ಬೇಡ ಎಂದೆ. "ಹಂಗಂದ್ರೆ ಕಾಫಿಗೂ ಬರಬಾರದಾ ಸ್ವಾಮಿ?" ಎಂದ. ಯಂತ್ರಗಳನ್ನು ಲಾರಿಗೆ ಹತ್ತಿಸಲು ಸೋಮವಾರ ಬರುತ್ತಾನೆ.

ಇವತ್ತು ಇನ್ನೂ ಬುಧವಾರ. ಯಾವ ಯಂತ್ರಕ್ಕೂ ಹಗ್ಗ ಕಟ್ಟಿಲ್ಲ. ಎಲ್ಲವೂ ತಮ್ಮ ತಮ್ಮ ಮೇಜಿನ ಮೇಲಿವೆ. ಏಳನೆಯದರ ಜಾಗ ಮಾತ್ರ ಖಾಲಿ ಇದೆ.

ಒಂದು ಮಾತು ಉಳಿಯಿತು. ನನ್ನ ಪತ್ರಗಳ ಅಡಿಯಲ್ಲಿ ಅಂಬಾಬಾಯಿ ಪೆನ್ಸಿಲ್‌ನಲ್ಲಿ ಬರೆಯುವುದು ನನಗೆ ಗೊತ್ತು. ಲಕೋಟೆಗಳು ಯಾವಾಗಲೂ ನನ್ನ ಮೇಜಿನ ಮೇಲೆಯೇ ಇರುತ್ತವೆ. ಆದರೂ ತರಲು ಒಳಗೆ ಹೋಗುತ್ತಿದ್ದೆ. ಈ ಸಲವೂ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ.

ಎಂ. ಪ್ರಹ್ಲಾದ ರಾವ್
ಬೋಧಕರು

(ಪೆನ್ಸಿಲ್‌ನಲ್ಲಿ:)
ಎಲ್ಲಾ ಇವರೇ ಬರೆದುಬಿಟ್ಟಿದ್ದಾರಲ್ಲೇ. ನನಗೇನು ಉಳೀತು? ರಿಜಿಸ್ಟರಿನಲ್ಲಿ ಕಲಿಯೋರ ಪಟ್ಟಿಗೆ ನನ್ನ ಹೆಸರು ಬರಕೋ. ಅಕ್ಕಯಮ್ಮನ ಪಕ್ಕ ಕೂರಿಸು.